ಸ್ವೊಬೊಡಾ ಅಂದ್ರೆ ನಾಗಾನೊ ಗೋಲು ಅಷ್ಟೇ ಅಲ್ಲ

ಐಸ್ ಹಾಕಿ ಫಾಲೋ ಮಾಡೋರಿಗೆ ಪೆಟ್ರ್ ಸ್ವೊಬೊಡಾ ಅಂದ್ರೆ ಒಂದೇ ಒಂದು ಗೋಲು. 1998 ಫೆಬ್ರವರಿ 22, ನಾಗಾನೊ ಒಲಿಂಪಿಕ್ಸ್ ಫೈನಲ್, ಎದುರಿಗೆ ರಷ್ಯಾ, ಸ್ಕೋರ್ 1-0, ಜೆಕ್ ರಿಪಬ್ಲಿಕ್‌ಗೆ ಚಿನ್ನ, ಆ ಒಂದು ಗೋಲು ಇವನದ್ದು. ಇಷ್ಟು ಹೇಳಿ ಎಲ್ರೂ ಸೀದಾ ಅದೇ ಟೀಮಿನ ಗೋಲ್‌ಕೀಪರ್ ಹಶೆಕ್ ಕಥೆಗೆ ಹೋಗ್ಬಿಡ್ತಾರೆ. ನಂಗೆ ಇದು ಬಹಳ ಅನ್ಯಾಯ ಅನ್ಸತ್ತೆ. ಎನ್‌ಎಚ್‌ಎಲ್‌ನಲ್ಲಿ, ಅಂದ್ರೆ ಅಮೆರಿಕ-ಕೆನಡಾದ ದೊಡ್ಡ ಹಾಕಿ ಲೀಗಲ್ಲಿ, 17 ಸೀಸನ್, 1028 ಮ್ಯಾಚ್ ಆಡಿದ ಮನುಷ್ಯ, ಅಷ್ಟೂ ಮ್ಯಾಚಲ್ಲಿ ಹೊಡೆದ ಗೋಲು ಬರೀ 58. ಅವನು ಡಿಫೆನ್ಸ್‌ಮನ್, ಅಂದ್ರೆ ಗೋಲು ಹೊಡೆಯೋದು ಅವನ ಕೆಲ್ಸವೇ ಅಲ್ಲ! ಹಾಗಾದ್ರೆ ಅಷ್ಟು ವರ್ಷ ಅವನನ್ನ ಟೀಮ್‌ಗಳು ಯಾಕೆ ಇಟ್ಕೊಂಡ್ವು, ಅದರ ಬಗ್ಗೆ ಬರೀಬೇಕು ಅಂತ ಮನಸ್ಸಲ್ಲಿತ್ತು, ಇವತ್ತು ಬರೀತಿದೀನಿ.

ಹುಟ್ಟಿದ್ದು 1966ರಲ್ಲಿ, ಈಗಿನ ಜೆಕ್ ದೇಶದ ಉತ್ತರ ಬೊಹೀಮಿಯಾದ ಮೋಸ್ಟ್ ಅನ್ನೋ ಊರಲ್ಲಿ. ಕಲ್ಲಿದ್ದಲಿನ ಸೀಮೆ ಅದು. ಕಲ್ಲಿದ್ದಲು ತೆಗಿಯೋಕೆ ಅಂತ ಆಗಿನ ಸರ್ಕಾರ ಹಳೇ ಮೋಸ್ಟ್ ಪಟ್ಟಣವನ್ನೇ ಕೆಡವಿ ಹಾಕ್ತು, ಉಳಿಸಿದ್ದು ಒಂದು ದೊಡ್ಡ ಚರ್ಚ್, ಅದನ್ನೂ 1975ರಲ್ಲಿ ಹಳಿ ಮೇಲೆ ಇಟ್ಟು ಇಡೀ ಕಟ್ಟಡವನ್ನೇ 841 ಮೀಟರ್ ಆಚೆ ಜರುಗಿಸಿದ್ರು. ಪಕ್ಕದ ಊರು ಲಿಟ್ವಿನೋವ್, ಅಲ್ಲಿ ಕೆಮಿಕಲ್ ಫ್ಯಾಕ್ಟರಿ, ಆ ಫ್ಯಾಕ್ಟರಿ ಹೆಸರಲ್ಲೇ ಹಾಕಿ ಕ್ಲಬ್. ಸಣ್ಣ ಊರು, ಆದ್ರೆ ಅಲ್ಲಿಂದ ಬಂದ ಆಟಗಾರರ ಪಟ್ಟಿ ನೋಡಿದ್ರೆ ತಲೆ ತಿರುಗತ್ತೆ: ಇವಾನ್ ಹ್ಲಿಂಕಾ, ಯಿರಿ ಬುಬ್ಲಾ, ವ್ಲಾದಿಮಿರ್ ರುಝಿಚ್ಕಾ, ರಾಬರ್ಟ್ ರೈಖೆಲ್, ಮಾರ್ಟಿನ್ ರುಚಿನ್ಸ್ಕಿ. ಸ್ವೊಬೊಡಾ ಹದಿನಾರು ಹದಿನೇಳನೇ ವಯಸ್ಸಿಗೇ ಈ ಕ್ಲಬ್‌ನ ಸೀನಿಯರ್ ಟೀಮಲ್ಲಿ ಡಿಫೆನ್ಸ್ ಆಡ್ತಿದ್ದ.

ಆಗ ಚೆಕೊಸ್ಲೊವಾಕಿಯಾದಿಂದ (ಜೆಕ್, ಸ್ಲೋವಾಕ್ ಸೇರಿ ಒಂದೇ ಕಮ್ಯುನಿಸ್ಟ್ ದೇಶ) ಎನ್‌ಎಚ್‌ಎಲ್‌ಗೆ ಹೋಗೋಕೆ ಎರಡೇ ದಾರಿ. ಒಂದು, ದೇಶಕ್ಕೆ ವರ್ಷಗಟ್ಟಲೆ ಆಡಿ, ವರ್ಲ್ಡ್ ಚಾಂಪಿಯನ್‌ಶಿಪ್ ಗೆದ್ದು, ಮೂವತ್ತು ದಾಟಿದ ಮೇಲೆ ಸರ್ಕಾರದ ಪರ್ಮಿಶನ್ ತಗೊಂಡು ಹೋಗೋದು. ಹ್ಲಿಂಕಾ, ಬುಬ್ಲಾ 1981ರಲ್ಲಿ ವ್ಯಾಂಕೂವರ್‌ಗೆ ಹೋಗಿದ್ದು ಹಾಗೆ. ಇನ್ನೊಂದು, ಓಡಿ ಹೋಗೋದು. ನೆದೊಮಾನ್ಸ್ಕಿ ಅನ್ನೋ ಆಟಗಾರ 1974ರಲ್ಲಿ ಓಡಿದ್ದ, ಷ್ಟ್ಯಾಸ್ಟ್ನಿ ಅಣ್ಣತಮ್ಮಂದಿರು 1980ರಲ್ಲಿ. ಅನುಮತಿ ಇಲ್ಲದೆ ದೇಶ ಬಿಡೋದು ಕಾನೂನು ಪ್ರಕಾರ ಅಪರಾಧ, ಸಿಕ್ಕಿಬಿದ್ರೆ ಜೈಲು, ಹೋದ್ಮೇಲೆ ಮನೆಯವರನ್ನ ಮತ್ತೆ ಯಾವಾಗ ನೋಡ್ತೀವೋ ಅಥವಾ ನೋಡೋದೇ ಇಲ್ವೋ ಅನ್ನೋದಕ್ಕೆ ಗ್ಯಾರಂಟಿ ಇಲ್ಲ. 1984ರ ಏಪ್ರಿಲ್‌ನಲ್ಲಿ ಪಶ್ಚಿಮ ಜರ್ಮನಿಯಲ್ಲಿ ಯುರೋಪಿಯನ್ ಜೂನಿಯರ್ ಚಾಂಪಿಯನ್‌ಶಿಪ್ ನಡೀತು, ಟೀಮ್ ಜೊತೆ ಹೋದ ಸ್ವೊಬೊಡಾ ವಾಪಸ್ ಬರ್ಲಿಲ್ಲ. ವಯಸ್ಸು ಹದಿನೆಂಟು, ಭಾಷೆ ಬರಲ್ಲ, ಅಪ್ಪ ಅಮ್ಮ ಆ ಕಡೆ. ಆ ವಯಸ್ಸಲ್ಲಿ ಇಷ್ಟು ದೊಡ್ಡ ನಿರ್ಧಾರ ತಗೊಳ್ಳೋದು ಅಂದ್ರೆ ಅದಕ್ಕೆ ಎಷ್ಟು ಗುಂಡಿಗೆ ಬೇಕು, ನಂಗಂತೂ ಊಹೆ ಮಾಡೋಕೂ ಆಗಲ್ಲ.

ಎರಡು ತಿಂಗಳು ಕಳೀತು. ಜೂನ್ 9, ಮಾಂಟ್ರಿಯಲ್ ಫೋರಂ, ಎನ್‌ಎಚ್‌ಎಲ್ ಡ್ರಾಫ್ಟ್, ಅಂದ್ರೆ ಟೀಮ್‌ಗಳು ಸರದಿ ಪ್ರಕಾರ ಹೊಸ ಹುಡುಗ್ರನ್ನ ಆರಿಸ್ಕೊಳ್ಳೋ ದಿನ. ಮೊದಲ ಹೆಸರು ಮಾರಿಯೋ ಲೆಮ್ಯೂ, ಅದು ಎಲ್ರಿಗೂ ಮೊದಲೇ ಗೊತ್ತಿದ್ದಿದ್ದೇ. ಐದನೇ ಸರದಿ ಮಾಂಟ್ರಿಯಲ್ ಕೆನೇಡಿಯನ್ಸ್‌ದು, ಜನರಲ್ ಮ್ಯಾನೇಜರ್ ಸರ್ಜ್ ಸವಾರ್ ಕರೆದ ಹೆಸರು ಸ್ವೊಬೊಡಾ. ಆ ಕಾಲದಲ್ಲಿ ಕಮ್ಯುನಿಸ್ಟ್ ದೇಶಗಳ ಹುಡುಗ್ರನ್ನ ಕೊನೇ ಸುತ್ತುಗಳಲ್ಲಿ, ಬಂದ್ರೆ ಬರ್ಲಿ ಅಂತ ತಗೋತಿದ್ರು. ಹಶೆಕ್ ಥರದ ಹಶೆಕ್‌ನನ್ನೇ 1983ರಲ್ಲಿ ಹತ್ತನೇ ಸುತ್ತಲ್ಲಿ ತಗೊಂಡಿದ್ರು. ಅಂಥದ್ರಲ್ಲಿ ಐದನೇ ಹೆಸರಾಗಿ ಒಬ್ಬ ಜೆಕ್ ಹುಡುಗ, ಅದೂ ಆ ಹುಡುಗ ಅಲ್ಲೇ ಇದಾನೆ, ಎದ್ದು ನಡ್ಕೊಂಡು ಬರ್ತಿದಾನೆ! ಸವಾರ್ ತಾನೇ ಒಂದು ಕಾಲದ ದೊಡ್ಡ ಡಿಫೆನ್ಸ್‌ಮನ್, ಹುಡುಗನಲ್ಲಿ ಏನಿದೆ ಅಂತ ನೋಡೋ ಕಣ್ಣು ಅವನಿಗಿತ್ತು. ಅದೇ ಡ್ರಾಫ್ಟಲ್ಲಿ ಮಾಂಟ್ರಿಯಲ್‌ನವ್ರು ಮೂರನೇ ಸುತ್ತಲ್ಲಿ ಮುಂದೆ ದೊಡ್ಡ ಗೋಲ್‌ಕೀಪರ್ ಆದ ಪ್ಯಾಟ್ರಿಕ್ ರ್ವಾನನ್ನೂ ತಗೊಂಡ್ರು ಅನ್ನೋದು ಬೇರೆ ಮಾತು.

ಆ ಸೀಸನ್ನಿಂದಲೇ ಆಡೋಕೆ ಶುರು, ಎರಡನೇ ಸೀಸನ್ನಲ್ಲೇ, ಅಂದ್ರೆ 1986ರಲ್ಲಿ, ಎನ್‌ಎಚ್‌ಎಲ್ ಚಾಂಪಿಯನ್‌ಗೆ ಕೊಡೋ ಸ್ಟಾನ್ಲಿ ಕಪ್. ಆ ಟೀಮಿನ ಡಿಫೆನ್ಸಲ್ಲಿ ಲ್ಯಾರಿ ರಾಬಿನ್ಸನ್, ಕ್ರಿಸ್ ಚೆಲಿಯೋಸ್ ಇದ್ರು, ಅವರ ಮಧ್ಯೆ ಜಾಗ ಮಾಡ್ಕೊಳ್ಳೋದು ಸುಮ್ನೆ ಮಾತಲ್ಲ.

ಈಗ ಅವನ ಆಟಕ್ಕೆ ಬರ್ತೀನಿ, ನಂಗೆ ಹೇಳೋಕೆ ಇಷ್ಟ ಇರೋದು ಇದೇ. ಡಿಫೆನ್ಸ್‌ಮನ್ ಅಂದ್ರೆ ಅಡ್ಡ ಬಂದವರನ್ನ ಗುದ್ದಿ ಬೀಳಿಸೋನು ಅಂತ ತುಂಬಾ ಜನ ಅಂದ್ಕೊಂಡಿರ್ತಾರೆ. ಸ್ವೊಬೊಡಾ ಮೈಕಟ್ಟಲ್ಲಿ ಸಣಕಲ, ಗುದ್ದಿ ಗೆಲ್ಲೋ ಮೈ ಅಲ್ಲ ಅದು. ಅವನ ಶಕ್ತಿ ಇದ್ದಿದ್ದು ಸ್ಕೇಟಿಂಗಲ್ಲಿ, ಆಮೇಲೆ ಮೊದಲನೇ ಪಾಸಲ್ಲಿ. ಎದುರಾಳಿ ಪಕ್ಕನ್ನ (ಚೆಂಡಿನ ಬದಲು ಇರೋ ರಬ್ಬರ್ ಬಿಲ್ಲೆ) ನಮ್ಮ ಮೂಲೆಗೆ ಎಸೀತಾನೆ, ಅದನ್ನ ತರೋಕೆ ಡಿಫೆನ್ಸ್‌ಮನ್ ಹಿಂದೆ ತಿರುಗಿ ಓಡ್ಬೇಕು, ಮುಖ ಗೋಡೆ ಕಡೆ, ಬೆನ್ನ ಹಿಂದೆ ನೂರು ಕೆಜಿ ಮನುಷ್ಯ ಒಬ್ಬ ಪೂರ್ತಿ ಸ್ಪೀಡಲ್ಲಿ ಬರ್ತಿದಾನೆ. ಪಕ್ ಮುಟ್ಟೋಕೆ ಮುಂಚೆನೇ ಹೆಗಲ ಮೇಲಿಂದ ಒಂದು ಸಲ ನೋಡಿ, ಯಾರು ಎಲ್ಲಿದಾರೆ ಅಂತ ತಲೇಲಿ ಇಟ್ಕೊಂಡು, ಮುಟ್ಟಿದ ತಕ್ಷಣ ನಮ್ಮವನ ಸ್ಟಿಕ್ಕಿಗೆ ಕೊಟ್ಬಿಡ್ಬೇಕು. ಕೊಟ್ರೆ ನಮ್ಮ ಅಟ್ಯಾಕ್ ಶುರು, ಕೊಡದಿದ್ರೆ ಗೋಡೆಗೆ ಅಪ್ಪಳಿಸ್ತಾರೆ, ಪಕ್ಕೂ ಹೋಗತ್ತೆ. ಒಂದು ಮ್ಯಾಚಲ್ಲಿ ಇದನ್ನ ಎಷ್ಟೋ ಸಲ ಮಾಡ್ಬೇಕು, ಇದಕ್ಕೆ ಚಪ್ಪಾಳೆ ಇಲ್ಲ, ಅಂಕಿ ಅಂಶದಲ್ಲೂ ಹೆಚ್ಚಾಗಿ ಬರಲ್ಲ. ಅವನ ಬೆಸ್ಟ್ ಸೀಸನ್ 1988-89, 8 ಗೋಲು, 37 ಅಸಿಸ್ಟ್ (ಗೋಲಿಗೆ ದಾರಿ ಮಾಡಿಕೊಟ್ಟ ಪಾಸ್), ಆ 37 ನೋಡಿದ್ರೆ ಅವನ ಆಟ ಎಂಥದ್ದು ಅಂತ ಸ್ವಲ್ಪ ಗೊತ್ತಾಗತ್ತೆ.

ಹಾಗಂತ ಸಾಧು ಪ್ರಾಣಿ ಏನಲ್ಲ, ಕೆರಿಯರ್‌ನಲ್ಲಿ 1605 ಪೆನಾಲ್ಟಿ ನಿಮಿಷ, ಅಂದ್ರೆ ಫೌಲ್‌ಗೆ ಬಿದ್ದ ಶಿಕ್ಷೆಯ ಸಮಯ, ಇದೆ. ಸಣ್ಣ ಮೈಯವನು ಹೆದರಿಕೊಂಡಂಗೆ ಕಂಡ್ರೆ ಆ ಲೀಗಲ್ಲಿ ಬದುಕೋಕೆ ಬಿಡಲ್ಲ, ಹಾಗಾಗಿ ಸ್ಟಿಕ್ಕಲ್ಲಿ ತಿವಿಯೋದು, ಎದುರಾಳಿ ತಲೆ ಕೆಡ್ಸೋದು ಎಲ್ಲ ಮಾಡ್ತಿದ್ದ. ಗಾಯಗಳೂ ಬೆನ್ನು ಬಿಡ್ಲಿಲ್ಲ.

1992ರಲ್ಲಿ ಬಫಲೋ ಟೀಮಿಗೆ ಟ್ರೇಡ್ ಆದ (ಟೀಮ್‌ಗಳು ಆಟಗಾರರನ್ನ ಅದಲು ಬದಲು ಮಾಡ್ಕೊಳ್ಳೋದು), ಅದೇ ವರ್ಷ ಹಶೆಕ್ ಕೂಡ ಅಲ್ಲಿಗೆ ಬಂದ. ನಾಗಾನೊದಲ್ಲಿ ಹಶೆಕ್ ಮುಂದೆ ನಿಂತ ಈ ಡಿಫೆನ್ಸ್‌ಮನ್ ಅದಕ್ಕೂ ವರ್ಷಗಳ ಮುಂಚೆನೇ ಬಫಲೋದಲ್ಲಿ ಅವನ ಮುಂದೆ ನಿಂತು ಆಡಿದ್ದ. 1995ರಲ್ಲಿ ಫಿಲಡೆಲ್ಫಿಯಾಗೆ, 1997ರಲ್ಲಿ ಅಲ್ಲಿ ಫೈನಲ್ ತನಕ ಹೋಗಿ ಡೆಟ್ರಾಯಿಟ್ ಕೈಲಿ ನಾಲ್ಕಕ್ಕೆ ನಾಲ್ಕೂ ಸೋತ್ರು.

ಆಮೇಲೆ ನಾಗಾನೊ. ಎನ್‌ಎಚ್‌ಎಲ್ ತನ್ನ ಸೀಸನ್ ನಿಲ್ಲಿಸಿ ಆಟಗಾರರನ್ನ ಒಲಿಂಪಿಕ್ಸ್‌ಗೆ ಕಳಿಸಿದ್ದು ಅದೇ ಮೊದಲು. ಕೆನಡಾ, ಅಮೆರಿಕ ಟೀಮಲ್ಲಿ ಎಲ್ರೂ ಎನ್‌ಎಚ್‌ಎಲ್‌ನವ್ರು, ಜೆಕ್ ಟೀಮಲ್ಲಿ ಸುಮಾರು ಅರ್ಧ ಜನ ಮಾತ್ರ. ಕೋಚ್ ಯಾರು? ಅದೇ ಲಿಟ್ವಿನೋವ್‌ನ ಹ್ಲಿಂಕಾ. ಕ್ಯಾಪ್ಟನ್ ರುಝಿಚ್ಕಾ. ಆಟಗಾರರಲ್ಲಿ ರೈಖೆಲ್, ರುಚಿನ್ಸ್ಕಿ. ಓಡಿ ಹೋದ ಹುಡುಗ ಹದಿನಾಲ್ಕು ವರ್ಷ ಆದ್ಮೇಲೆ ತನ್ನ ಕಲ್ಲಿದ್ದಲು ಸೀಮೆಯವರ ಜೊತೆನೇ ದೇಶದ ಜರ್ಸಿ ಹಾಕ್ಕೊಂಡು ನಿಂತಿದ್ದ. ನಂಗೆ ಚಿನ್ನಕ್ಕಿಂತ ಇದು ಜಾಸ್ತಿ ಖುಷಿ ಕೊಡೋ ವಿಷ್ಯ.

ಗ್ರೂಪ್ ಮ್ಯಾಚಲ್ಲಿ ರಷ್ಯಾ ಎದುರು 2-1 ಸೋತಿದ್ರು. ಕ್ವಾರ್ಟರ್ ಫೈನಲಲ್ಲಿ ಅಮೆರಿಕವನ್ನ 4-1, ಸೆಮಿಯಲ್ಲಿ ಕೆನಡಾವನ್ನ ಶೂಟೌಟಲ್ಲಿ ಹೊಡೆದ್ರು, ಹಶೆಕ್ ಐದಕ್ಕೆ ಐದೂ ತಡೆದಿದ್ದು ಆ ಶೂಟೌಟಲ್ಲೇ. ಫೈನಲಲ್ಲಿ ಮತ್ತೆ ರಷ್ಯಾ, ಸೆಮಿಯಲ್ಲಿ ಒಬ್ಬನೇ ಐದು ಗೋಲು ಹೊಡೆದು ಬಂದಿದ್ದ ಪಾವೆಲ್ ಬುರೆ ಎದುರಿಗೆ. ಎರಡು ಪೀರಿಯಡ್ ಗೋಲಿಲ್ಲ. ಮೂರನೇ ಪೀರಿಯಡ್‌ನ 8 ನಿಮಿಷ 8 ಸೆಕೆಂಡಿಗೆ ಪಟೇರಾ, ಪ್ರೊಹಾಸ್ಕಾ ಜೋಡಿಯಿಂದ ಪಕ್ ಬ್ಲೂ ಲೈನ್ (ಅಟ್ಯಾಕ್ ಮಾಡೋ ಜಾಗದ ಅಂಚಿನ ಗೆರೆ) ಹತ್ರ ಇದ್ದ ಸ್ವೊಬೊಡಾಗೆ ಬಂತು, ಒಂದೇಟು, ಗೋಲ್‌ಕೀಪರ್ ಶ್ಟಲೆಂಕೋವ್‌ನನ್ನ ದಾಟಿ ಒಳಗೆ.

ಅದೃಷ್ಟ ಅಂತ ಹೇಳೋರಿದಾರೆ. ಡಿಫೆನ್ಸ್‌ಮನ್‌ಗೆ ಆ ಜಾಗದಿಂದ ಗೋಲು ಕಾಣ್ಸೋದೇ ಕಷ್ಟ, ಮಧ್ಯೆ ಕಾಲುಗಳ ಕಾಡು. ಅವನು ನೋಡ್ಬೇಕಾಗಿರೋದು ಗೋಲನ್ನಲ್ಲ, ತನಗೆ ಹತ್ರ ಬರ್ತಿರೋ ಎದುರಾಳಿಯ ಮೊಣಕಾಲನ್ನ. ಅದಕ್ಕೆ ಬಡೀದಂಗೆ ಹೊಡೆದ್ರೆ ಮಾತ್ರ ಪಕ್ ಮುಂದೆ ಹೋಗತ್ತೆ, ಬಡಿದ್ರೆ ಅದು ಪುಟಿದು ಎದುರಾಳಿಗೇ ಸಿಕ್ಕಿ, ಬುರೆ ಥರದವನು ಒಬ್ಬನೇ ಹಶೆಕ್ ಕಡೆ ಓಡ್ತಾನೆ. 0-0 ಇರೋ ಒಲಿಂಪಿಕ್ ಫೈನಲಲ್ಲಿ ಆ ರಿಸ್ಕ್ ತಗೊಳ್ಳೋಕೆ ಸಾವಿರ ಸಲ ಅದೇ ಜಾಗದಲ್ಲಿ ನಿಂತ ಅನುಭವ ಬೇಕು, ಅದು ಅವನಿಗಿತ್ತು. ಗೋಲಾದ್ಮೇಲೂ ಇನ್ನೂ ಹನ್ನೆರಡು ನಿಮಿಷ ಹತ್ರ ಹತ್ರ ಆಟ ಬಾಕಿ ಇತ್ತು, ರಷ್ಯಾದವ್ರಿಗೆ ಒಂದೂ ಕೊಡದಂಗೆ ನೋಡ್ಕೊಂಡಿದ್ರಲ್ಲಿ ಇವನೂ ಒಬ್ಬ, ಅದನ್ನ ಯಾರೂ ಹೈಲೈಟ್ಸಲ್ಲಿ ತೋರ್ಸಲ್ಲ. ಜೆಕ್ ದೇಶದಲ್ಲಿ ಆಗ ಬೆಳಗಿನ ಜಾವ, ಪ್ರಾಗ್‌ನ ಹಳೇ ಪಟ್ಟಣದ ಚೌಕದಲ್ಲಿ ಜನಸಾಗರ, ಹಶೆಕ್‌ನನ್ನ ರಾಷ್ಟ್ರಪತಿ ಮಾಡಿ ಅಂತ ಘೋಷಣೆ.

ವಾಪಸ್ ಬಂದು ಅದೇ ವರ್ಷ ಡಿಸೆಂಬರಲ್ಲಿ ಟ್ಯಾಂಪಾ ಬೇಗೆ ಟ್ರೇಡ್. ಕಷ್ಟದಲ್ಲಿದ್ದ ಟೀಮ್ ಅದು, ಸೋಲೋದೇ ಜಾಸ್ತಿ. ಅಲ್ಲಿದ್ದಾಗಲೇ 2000ದ ಆಲ್‌ಸ್ಟಾರ್ ಗೇಮ್, ಅಂದ್ರೆ ಲೀಗಿನ ಆಯ್ದ ಆಟಗಾರರ ಮ್ಯಾಚ್, ಆಡಿದ, ವಯಸ್ಸು ಮೂವತ್ನಾಲ್ಕರ ಹತ್ರ. ಲೀಗಿಗೆ ಬಂದು ಹದಿನೈದು ವರ್ಷ ಆದ್ಮೇಲೆ, ಸೋಲ್ತಿರೋ ಟೀಮಿಂದ ಒಬ್ಬ ಡಿಫೆನ್ಸ್‌ಮನ್‌ನ ಕರೆದ್ರು ಅಂದ್ರೆ, ನೋಡೋರು ನೋಡ್ತಿದ್ರು ಅಂತಾಯ್ತಲ್ಲ. ಮುಂದಿನ ಸೀಸನ್ 19 ಮ್ಯಾಚ್ ಆಡೋದ್ರೊಳಗೆ ತಲೆಗೆ ಬಿದ್ದ ಪೆಟ್ಟು ಕೆರಿಯರ್ ಮುಗಿಸ್ತು. ಕನ್‌ಕಷನ್ ವಿಷ್ಯದಲ್ಲಿ ಈಗ ಇರೋ ಎಚ್ಚರ ಆಗ ಇರ್ಲಿಲ್ಲ, ಆಡು ಆಡು ಅಂತ ಕಳಿಸೋರೇ ಜಾಸ್ತಿ, ಅವನು ನಿಲ್ಲಿಸಿದ್ದೇ ಒಳ್ಳೇದಾಯ್ತು.

ಆಮೇಲೆ ಆಟಗಾರರ ಏಜೆಂಟ್ ಆದ, ಯಾರೊಮಿರ್ ಯಾಗರ್ ಅಂಥ ದೊಡ್ಡ ಜೆಕ್ ಆಟಗಾರನೇ ಅವನ ಕ್ಲೈಂಟ್ ಆಗಿದ್ದ. ನಾಗಾನೊ ಫೈನಲ್ ಪೂರ್ತಿ ರೆಕಾರ್ಡಿಂಗ್ ಸಿಕ್ರೆ ದಯವಿಟ್ಟು ಒಂದ್ಸಲ ಗೋಲು ಬಿಟ್ಟು ಮಿಕ್ಕಿದ್ದೆಲ್ಲ ನೋಡಿ, ಪಕ್ ಎಲ್ಲಿದ್ರೂ ಪರವಾಗಿಲ್ಲ, ಕಣ್ಣು ಬರೀ ಸ್ವೊಬೊಡಾ ಮೇಲಿರ್ಲಿ.