ಕೆಟ್ಟಿದ್ದರೆ ಕೆಟ್ಟಿದೆ ಅಂತ ಹೇಳಬಾರದಾ?

ಸಾಫ್ಟ್‌ವೇರ್ ಕೆಟ್ಟರೆ ನನಗೆ ಅಷ್ಟೇನೂ ಸಿಟ್ಟು ಬರುವುದಿಲ್ಲ. ಕೆಟ್ಟಿರೋದನ್ನು ಹೇಳದೆ, ಎಲ್ಲ ಸರಿಯಿದೆ ಅನ್ನೋ ಹಾಗೆ ಸುಮ್ನೆ ಕೂತುಬಿಟ್ಟರೆ ಮಾತ್ರ ತಲೆ ಕೆಡುತ್ತದೆ. ದಿನದಲ್ಲಿ ನನ್ನ ಹೆಚ್ಚಿನ ಹೊತ್ತು ಹೋಗೋದು ಎರಡರ ಜೊತೆ. ಓದೋದಕ್ಕೆ ಫೀಡ್ ರೀಡರ್ (ಇಷ್ಟದ ಸೈಟುಗಳ ಹೊಸ ಬರಹಗಳನ್ನು ಒಂದೇ ಕಡೆ ತಂದು ತೋರಿಸುವ ಸಾಫ್ಟ್‌ವೇರ್), ಕೆಲಸಕ್ಕೆ ಆಫೀಸಿನ ಡೇಟಾಬೇಸ್. ಒಂದಕ್ಕೂ ಇನ್ನೊಂದಕ್ಕೂ ಏನೂ ಸಂಬಂಧವಿಲ್ಲ, ಆದರೆ ಎರಡೂ ಕಾಡಿಸುವ ರೀತಿ ಒಂದೇ.

ನಾನು ಇಷ್ಟಪಟ್ಟು ಓದುವ ಒಂದು ಬ್ಲಾಗ್ ಬಹಳ ದಿನದಿಂದ ರೀಡರ್‌ನಲ್ಲಿ ಅಲ್ಲಾಡದೆ ಕೂತಿತ್ತು. ಬರೆಯೋದು ಬಿಟ್ಟಿರಬೇಕು ಅಂದುಕೊಂಡೆ. ಬೇರೇನೋ ಹುಡುಕುತ್ತಾ ಆ ಸೈಟಿಗೆ ಹೋದರೆ ನಾಲ್ಕೈದು ಹೊಸ ಬರಹ ಕಾಯುತ್ತಿದ್ದವು! ಆಗಿದ್ದು ಇಷ್ಟೇ. ಒಂದು ಬರಹದ ತಲೆಬರಹದಲ್ಲಿ & ಚಿಹ್ನೆಯನ್ನು ಹಾಗೇ ಬರೆದುಬಿಟ್ಟಿದ್ದರು. ಸೈಟ್ ತನ್ನ ಹೊಸ ಬರಹಗಳನ್ನು ರೀಡರ್‌ಗೆ ಕೊಡುವ ಕಡತವೇ ಫೀಡ್, ಅದನ್ನು ಬರೆಯುವುದು ಎಕ್ಸ್‌ಎಂಎಲ್ ಅನ್ನೋ ರೂಪದಲ್ಲಿ. ಅಲ್ಲಿ ಆ ಚಿಹ್ನೆಯನ್ನು ಸಂಕೇತ ಮಾಡಿ ಬರೆಯಬೇಕು, ಇಲ್ಲದಿದ್ದರೆ ಆ ಒಂದು ಸಾಲಷ್ಟೇ ಅಲ್ಲ, ಇಡೀ ಫೀಡ್ ಓದೋಕೆ ಬರುವುದಿಲ್ಲ. ರೀಡರ್‌ಗೆ ಇದು ಗೊತ್ತಿತ್ತು. ಸೆಟ್ಟಿಂಗ್ಸ್ ಒಳಗೆ, ಫೀಡುಗಳ ಪಟ್ಟಿಯ ಒಳಗೆ, ಆ ಬ್ಲಾಗಿನ ಹೆಸರಿನ ಮುಂದೆ ಒಂದು ಪುಟ್ಟ ಬೂದು ಚುಕ್ಕೆ ಇಟ್ಟಿತ್ತು. ಅಲ್ಲಿಗೆ ಯಾರು ದಿನಾ ಹೋಗುತ್ತಾರೆ? ನಾನು ಓದುವ ಪುಟದಲ್ಲಿ ಮಾತ್ರ ಒಂದು ಮಾತೂ ಇಲ್ಲ.

ಇದರ ನಷ್ಟ ತಡವಾಗಿ ಓದುವುದಷ್ಟೇ ಅಲ್ಲ. ಫೀಡ್‌ನಲ್ಲಿ ಎಲ್ಲ ಬರಹಗಳೂ ಇರುವುದಿಲ್ಲ, ಕೊನೆಯ ಕೆಲವು ಮಾತ್ರ. ಬ್ಲಾಗಿನವರು ಬದಲಾಯಿಸದಿದ್ದರೆ, ಬ್ಲಾಗ್ ನಡೆಸುವ ಸಾಫ್ಟ್‌ವೇರ್ ಆದ ವರ್ಡ್‌ಪ್ರೆಸ್ ಕೊಡುವುದು ಕೊನೆಯ 10. ಫೀಡ್ ಒಡೆದಿರುವಾಗ ಅದಕ್ಕಿಂತ ಜಾಸ್ತಿ ಬರಹಗಳು ಬಂದು ಹೋದರೆ, ಮಧ್ಯದವು ರೀಡರ್‌ಗೆ ಯಾವತ್ತೂ ಸಿಗುವುದಿಲ್ಲ. ಅವು ಇದ್ದವು ಅನ್ನೋದೇ ನಮಗೆ ತಿಳಿಯುವುದಿಲ್ಲ.

ಇದರ ತಿರುಗುಮುರುಗು ಕಾಟವೂ ಇದೆ. ಯಾವುದೋ ಸೈಟ್ ಎಚ್‌ಟಿಟಿಪಿಯಿಂದ ಎಚ್‌ಟಿಟಿಪಿಎಸ್‌ಗೆ ಹೋಗುತ್ತದೆ, ಅಂದರೆ ವಿಳಾಸದ ಮೊದಲ ಭಾಗ ಬದಲಾಗುತ್ತದೆ, ಪ್ರತಿ ಬರಹದ ಗುರುತೂ ಅದರ ವಿಳಾಸವೇ ಆಗಿದ್ದರೆ ಅದೂ ಬದಲಾಗುತ್ತದೆ, ಓದಿ ಮುಗಿಸಿದ್ದೆಲ್ಲ ಮತ್ತೆ ಹೊಸದಾಗಿ ಬಂದು ಸಾಲು ನಿಲ್ಲುತ್ತದೆ. ಫೀಡ್ ಹೇಗಿರಬೇಕು ಅಂತ ಹೇಳುವ, 2005ರಲ್ಲಿ ಬಂದ ಆಟಂ ಮಾನದಂಡ ಇದನ್ನು ಮೊದಲೇ ಯೋಚಿಸಿತ್ತು. ಪ್ರತಿ ಬರಹಕ್ಕೂ ಗುರುತು ಇರಲೇಬೇಕು, ಸೈಟ್ ಜಾಗ ಬದಲಾಯಿಸಿದರೂ ಆ ಗುರುತು ಬದಲಾಗಬಾರದು ಅಂತ ಅದರಲ್ಲಿ ಸ್ಪಷ್ಟವಾಗಿ ಬರೆದಿದೆ. ಪಾಲಿಸುವವರು ಬೇಕಲ್ವಾ?

ಸರ್ವರ್‌ಗಳಾದರೂ ಎಷ್ಟೋ ಸಲ ಒಂದು ಸಂಖ್ಯೆ ಕಳಿಸಿ ಸರಿಯಾಗೇ ಹೇಳುತ್ತವೆ. 301 ಅಂದರೆ ವಿಳಾಸ ಬದಲಾಗಿದೆ, 410 ಅಂದರೆ ಇಲ್ಲಿದ್ದದ್ದು ಹೋಯಿತು, ಇನ್ನು ಬರಬೇಡ. ಅಷ್ಟು ನೇರವಾಗಿ ಹೇಳಿದ್ದನ್ನು ರೀಡರ್ ನುಂಗಿಕೊಂಡು ನನಗೆ ಖಾಲಿ ಪಟ್ಟಿ ತೋರಿಸುತ್ತದೆ. ಗೂಗಲ್ ರೀಡರ್ 2013ರ ಜುಲೈ 1ಕ್ಕೆ ಮುಚ್ಚಿದಾಗ ಬೇಜಾರಾಗಿತ್ತು, ಈಗಲೂ ಇದೆ. ಆದರೆ ಮಾರ್ಚ್‌ನಲ್ಲೇ ಹೇಳಿದ್ದರು, ಫೀಡುಗಳ ಪಟ್ಟಿ ಇಳಿಸಿಕೊಳ್ಳಲು ದಾರಿಯನ್ನೂ ಕೊಟ್ಟಿದ್ದರು. ಹೇಳಿ ಹೋದದ್ದನ್ನು ಹೇಗೋ ಸಹಿಸಿಕೊಳ್ಳಬಹುದು.

ಇನ್ನು ಆಫೀಸು. ಇಲ್ಲಿ ನನಗೆ ಸಿಟ್ಟು ಇನ್ನೂ ಜಾಸ್ತಿ, ಯಾಕೆಂದರೆ ಇಲ್ಲಿ ತಪ್ಪಿಹೋಗುವುದು ಯಾರದೋ ಸಂಬಳ, ಯಾರದೋ ರಜೆ. ಸಿಬ್ಬಂದಿಯ ಕೋಡ್ 00417 ಅಂತ ಇರುತ್ತದೆ. ಯಾರೋ ಆ ಕೋಡ್‌ಗಳಿರುವ ಸಿಎಸ್‌ವಿ ಕಡತವನ್ನು (ಅಲ್ಪವಿರಾಮದಿಂದ ಕಾಲಂ ಬೇರ್ಪಡಿಸಿದ ಬರೀ ಪಠ್ಯದ ಕಡತ) ಎಕ್ಸೆಲ್‌ನಲ್ಲಿ ತೆರೆದು, ಬೇರೆ ಯಾವುದೋ ಕಾಲಂ ಸರಿಮಾಡಿ, ಸೇವ್ ಮಾಡಿ ಕಳಿಸುತ್ತಾರೆ. ಮುಂದಿನ ಸೊನ್ನೆಗಳು ಹೋಗಿ 417 ಆಗಿರುತ್ತದೆ. ಅದನ್ನು ಡೇಟಾಬೇಸಿಗೆ ಹಾಕಿ, ಎರಡು ಟೇಬಲ್ ಜೋಡಿಸಿ ರಿಪೋರ್ಟ್ ತೆಗೆದರೆ ಆ ಸಿಬ್ಬಂದಿಯ ಸಾಲೇ ಇರುವುದಿಲ್ಲ. ಎರರ್ ಬರುವುದಿಲ್ಲ. ಎರಡೂ ಕಡೆ ಹೊಂದದ ಸಾಲನ್ನು ಇನ್ನರ್ ಜಾಯಿನ್ ಅನ್ನೋ ಈ ಜೋಡಣೆ ಬಿಟ್ಟುಬಿಡುತ್ತದೆ, ಅದರ ಕೆಲಸವೇ ಅದು. ರಿಪೋರ್ಟ್ ಮಾತ್ರ ಅಚ್ಚುಕಟ್ಟಾಗಿ, ಮೊತ್ತ ಹಾಕಿಕೊಂಡು, ಪ್ರಿಂಟ್ ಆಗಿ ಹೊರಗೆ ಬರುತ್ತದೆ. ತಿಂಗಳ ಕೊನೆಯಲ್ಲಿ ಆ ವ್ಯಕ್ತಿ ಬಂದು ಕೇಳಿದಾಗಲೇ ಹುಡುಕಾಟ ಶುರು.

ಇದು ಸಣ್ಣ ಆಫೀಸುಗಳ ಕಥೆ ಅಂದುಕೊಳ್ಳಬೇಡಿ. 2020ರ ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರವರೆಗೆ ಬ್ರಿಟನ್ನಿನ ದಿನದ ಕೋವಿಡ್ ಲೆಕ್ಕದಿಂದ 15,841 ಪ್ರಕರಣಗಳು ಬಿಟ್ಟುಹೋಗಿದ್ದವು. ಹಳೆಯ ಎಕ್ಸ್‌ಎಲ್‌ಎಸ್ ಕಡತದ ಒಂದು ಹಾಳೆಯಲ್ಲಿ 65,536 ಸಾಲು ಮಾತ್ರ ಹಿಡಿಯುತ್ತವೆ. ಅದಕ್ಕಿಂತ ಹೆಚ್ಚು ಬಂದದ್ದು ಸದ್ದಿಲ್ಲದೆ ಹೊರಗುಳಿಯಿತು. ಅಷ್ಟು ಜನರ ಸಂಪರ್ಕಕ್ಕೆ ಬಂದವರನ್ನು ಹುಡುಕುವುದೂ ತಡವಾಯಿತು. ಅದೇ ವರ್ಷ ಮನುಷ್ಯರ ಜೀನ್‌ಗಳಿಗೆ ಹೆಸರಿಡುವ ಸಮಿತಿ ಕೆಲವು ಹೆಸರುಗಳನ್ನೇ ಬದಲಾಯಿಸಿದ್ದನ್ನು ಹೊರಗೆ ಹೇಳಿತು. ಮಾರ್ಚ್1 ಅನ್ನೋ ಜೀನ್ ಮಾರ್ಚ್‌ಎಫ್1 ಆಯಿತು, ಸೆಪ್ಟ್1 ಹೋಗಿ ಸೆಪ್ಟಿನ್1 ಆಯಿತು. ಎಕ್ಸೆಲ್ ಅವನ್ನು ತಾರೀಕು ಮಾಡಿಬಿಡುತ್ತಿತ್ತು, ಅದಕ್ಕೆ. ಸಾಫ್ಟ್‌ವೇರ್ ಬದಲಾಗುವುದನ್ನು ಕಾಯುವುದಕ್ಕಿಂತ ಜೀನ್ ಹೆಸರು ಬದಲಾಯಿಸುವುದೇ ಸುಲಭವಾಯಿತಲ್ಲ, ಅದು ನನಗೆ ನಿಜಕ್ಕೂ ನೋವಿನ ಸಂಗತಿ.

ಮೈಕ್ರೋಸಾಫ್ಟ್‌ನ ಡೇಟಾಬೇಸ್ ಸಾಫ್ಟ್‌ವೇರ್ ಆಕ್ಸೆಸ್ ಬಗ್ಗೆ ಎಲ್ಲರೂ ಬೈಯುತ್ತಾರೆ. ಒಂದು ಕಡತಕ್ಕೆ 2 ಜಿಬಿ ಮಿತಿ, ದಾಖಲೆ ಅಳಿಸಿದರೂ ಕಾಂಪ್ಯಾಕ್ಟ್ ಮಾಡುವವರೆಗೆ, ಅಂದರೆ ಕಡತವನ್ನು ಕುಗ್ಗಿಸುವವರೆಗೆ, ಜಾಗ ವಾಪಸ್ ಬರುವುದಿಲ್ಲ, ಇದೆಲ್ಲ ಇದ್ದದ್ದೇ. ಆದರೆ ಅದರಲ್ಲಿ ಒಂದು ಒಳ್ಳೆಯ ಗುಣವಿದೆ. ನಾನು ಒಂದು ದಾಖಲೆ ತಿದ್ದುತ್ತಿರುವಾಗ ಇನ್ನೊಬ್ಬರು ಅದನ್ನೇ ಬದಲಾಯಿಸಿದರೆ, ಸೇವ್ ಮಾಡುವಾಗ ಒಂದು ಪೆಟ್ಟಿಗೆ ಎದ್ದು ಬಂದು ಹೇಳುತ್ತದೆ: ನೀವು ತಿದ್ದಲು ಶುರು ಮಾಡಿದ ಮೇಲೆ ಬೇರೆಯವರು ಇದನ್ನು ಬದಲಾಯಿಸಿದ್ದಾರೆ, ನಿಮ್ಮದನ್ನು ಉಳಿಸಲಾ, ಬಿಡಲಾ? ಯಾರು, ಏನನ್ನು ಬದಲಾಯಿಸಿದರು ಅಂತ ಹೇಳಿದ್ದರೆ ಇನ್ನೂ ಚೆನ್ನಾಗಿತ್ತು. ಆದರೂ ಹೇಳಿತಲ್ಲ! ಕೆಲಸ ನಿಲ್ಲಿಸಿತು, ಕೇಳಿತು.

ಎಕ್ಸೆಲ್‌ನಲ್ಲೂ ಈಗ ಸೊನ್ನೆ ತೆಗೆಯುವುದನ್ನು ನಿಲ್ಲಿಸುವ ಆಯ್ಕೆ ಬಂದಿದೆ, ಸಿಎಸ್‌ವಿ ತೆರೆಯುವಾಗ ಏನಾದರೂ ತಾನಾಗೇ ಬದಲಾಗುವುದಿದ್ದರೆ ತಿಳಿಸುವ ಆಯ್ಕೆಯೂ ಇದೆ. ಆಯ್ಕೆಗಳ ಪುಟದಲ್ಲಿ ಡೇಟಾ ಅನ್ನೋ ಭಾಗದಲ್ಲಿ ಹುಡುಕಿ. ನಿಮ್ಮ ಆಫೀಸಿನಲ್ಲಿ ಸಿಎಸ್‌ವಿ ಮುಟ್ಟುವ ಪ್ರತಿಯೊಬ್ಬರ ಕಂಪ್ಯೂಟರಿನಲ್ಲೂ ಇದನ್ನು ಸರಿಮಾಡಿಸಿ, ಯಾಕೆಂದರೆ ಒಬ್ಬರು ಬಿಟ್ಟರೂ ಸೊನ್ನೆ ಹೋಗುವುದು ಅಲ್ಲಿಂದಲೇ. ಜೊತೆಗೆ ಪ್ರತಿ ಸಲ ಡೇಟಾ ಒಳಗೆ ಹಾಕಿದ ಕೂಡಲೇ ಲೆಫ್ಟ್ ಜಾಯಿನ್ (ಜೋಡಿ ಸಿಗದಿದ್ದರೂ ಮೊದಲ ಟೇಬಲಿನ ಸಾಲನ್ನು ಉಳಿಸಿಕೊಳ್ಳುವ ಜೋಡಣೆ) ಹಾಕಿ, ಜೋಡಿ ಸಿಗದ ಸಾಲುಗಳನ್ನು ಮಾತ್ರ ತೋರಿಸುವ ಒಂದು ಕ್ವೆರಿ, ಅಂದರೆ ಡೇಟಾಬೇಸಿಗೆ ಕೇಳುವ ಪ್ರಶ್ನೆ, ಓಡಿಸಿ. ಎರಡೂ ಟೇಬಲ್‌ಗಳನ್ನು ಅದಲುಬದಲು ಮಾಡಿ ಇನ್ನೊಂದು ಸಲ ಓಡಿಸಿ. ಖಾಲಿ ಬಂದ ಮೇಲೆ ರಿಪೋರ್ಟ್ ತೆಗೆಯಿರಿ.

ಫೀಡ್ ರೀಡರ್ ಬರೆಯುವವರಿಗೆ ನನ್ನ ಕೋರಿಕೆ ಒಂದೇ. ಒಂದು ವಾರ ಓದಲು ಬಾರದ ಫೀಡ್ ಇದ್ದರೆ ಅದನ್ನು ಪಟ್ಟಿಯ ಮೇಲ್ತುದಿಗೆ ತನ್ನಿ, ಯಾಕೆ ಬರಲಿಲ್ಲ ಅಂತ ಒಂದು ಸಾಲು ಬರೆಯಿರಿ. ಮಿಕ್ಕಿದ್ದನ್ನು ನಾವು ನೋಡಿಕೊಳ್ಳುತ್ತೇವೆ, ಬೇಕಾದರೆ ಆ ಬ್ಲಾಗಿನವರಿಗೆ ನಾವೇ ಒಂದು ಮೇಲ್ ಹಾಕುತ್ತೇವೆ.