ಹವಾಯಿ ವಾಲ್ಕನೋಸ್ ಪಾರ್ಕ್‌ಗೆ ಹೋಗೋರು ಬರೀ ಲಾವಾ ನಂಬ್ಕೊಂಡು ಹೋಗ್ಬೇಡಿ

ಬಿಗ್ ಐಲ್ಯಾಂಡ್‌ಗೆ (ಹವಾಯಿಯ ಅತಿ ದೊಡ್ಡ ದ್ವೀಪ) ಹೋಗೋ ಪ್ಲಾನ್ ಇರೋರು ಮೊದ್ಲೇ ತಿಳ್ಕೊಳಿ, ಈ ಪಾರ್ಕ್‌ನಲ್ಲಿರೋ ಕಿಲವೇಯಾ ಜ್ವಾಲಾಮುಖಿ ಉಕ್ಕೋದು ನಿಲ್ಲೋದು ಎರಡೂ ಅದರ ಇಷ್ಟ. ನಾವು ಹೋದಾಗ ಕೆಂಪು ಲಾವಾ ಇರ್ಲಿಲ್ಲ, ಅದರ ತುದಿಯಲ್ಲಿರೋ ಹಲೆಮಾಉಮಾಉ ಕುಳಿಯಿಂದ ಹೊಗೆ ಮಾತ್ರ ಏಳ್ತಿತ್ತು, ಆದ್ರೂ ನನ್ ಪ್ರಕಾರ ಇಡೀ ಹವಾಯಿ ಟ್ರಿಪ್‌ನಲ್ಲಿ ಬೆಸ್ಟ್ ಜಾಗ ಇದೇ.

ಟೈಮ್ ಕಮ್ಮಿ ಇದ್ರೆ ಬೇರೆಲ್ಲ ಬಿಟ್ಟು ಕಿಲವೇಯಾ ಇಕಿ ಅನ್ನೋ ಪಕ್ಕದ ಕುಳಿಯ ಟ್ರೇಲ್ (ನಡೆಯೋ ದಾರಿ) ಮಾಡಿ. 1959ರಲ್ಲಿ ಇಲ್ಲಿ ಲಾವಾ ಕಾರಂಜಿ 500 ಮೀಟರ್‌ಗಿಂತ ಮೇಲೆ ಚಿಮ್ಮಿತ್ತು, ಕುಳಿ ತುಂಬಾ ಲಾವಾ ಕೆರೆ ಆಗಿತ್ತು, ಈಗ ಅದು ಗಟ್ಟಿಯಾಗಿದೆ, ಅದರ ಮೇಲೇನೇ ನಡೀಬೋದು. ಒಂದು ಸುತ್ತು ಸುಮಾರು 5 ಕಿಲೋಮೀಟರ್. ದಟ್ಟ ಕಾಡಿಂದ ಇಳೀತಾ ಇಳೀತಾ ಒಮ್ಮೆಗೇ ಕಪ್ಪು ಬಯಲು. ಅಲ್ಲಲ್ಲಿ ಬಿರುಕಿಂದ ಹಬೆ ಬರುತ್ತೆ, ಮಳೆ ನೀರು ಒಳಗಿಳಿದು ಬಿಸಿ ಕಲ್ಲಿಗೆ ತಾಗಿ ವಾಪಸ್ ಬರೋದು ಅದು. ಸುಮ್ನೆ ದಾಟ್ಕೊಂಡು ಹೋಗ್ಬೇಡಿ, ಒಂದು ಬಿರುಕಿನ ಹತ್ರ ಕೂತು ನೋಡಿ. ನಾನು ನೋಡಿದ್ ಕಡೆ ಬೆರಳಷ್ಟು ಸಂದಿಯಲ್ಲಿ ಒಂದು ಜರೀಗಿಡ, ಅದರ ಎಳೆ ಎಲೆ ಪೂರ್ತಿ ಕೆಂಪು, ಪಕ್ಕದಲ್ಲೇ ಗೇಣುದ್ದದ ಓಹಿಯಾ ಸಸಿ, ಮಣ್ಣು ಅನ್ನೋದೇ ಇಲ್ಲ! ಹೊಸ ಲಾವಾ ಮೇಲೆ ಮೊದ್ಲು ಬೇರು ಬಿಡೋ ಮರಗಳಲ್ಲಿ ಈ ಓಹಿಯಾನೂ ಒಂದು, ದೊಡ್ಡ ಮರದಲ್ಲಿ ಕೆಂಪು ಹೂವು ಬಿಟ್ಟಾಗ ಅಪಪನೆ ಅನ್ನೋ ಪುಟ್ಟ ಕೆಂಪು ಹಕ್ಕಿ ಮಕರಂದಕ್ಕೆ ಬರುತ್ತೆ, ಬೈನಾಕ್ಯುಲರ್ ಇರ್ಲಿ. ಓಹಿಯಾಗೆ ಈಗ ಒಂದು ಫಂಗಸ್ ರೋಗ ಬಂದು ಮರಗಳು ಸಾಯ್ತಿವೆ, ಅದಕ್ಕೇ ಟ್ರೇಲ್ ಶುರುವಲ್ಲಿ ಶೂ ಕ್ಲೀನ್ ಮಾಡೋಕೆ ಬ್ರಷ್ ಇಟ್ಟಿರ್ತಾರೆ, ದಯವಿಟ್ಟು ಉಜ್ಜಿ ಹೋಗಿ.

ಇನ್ನು ನೇನೆ. ಹವಾಯಿಯ ರಾಜ್ಯ ಪಕ್ಷಿ, ಹೆಬ್ಬಾತು ಜಾತಿಗೆ ಸೇರಿದ್ದು, ಆದ್ರೆ ಲಾವಾ ಕಲ್ಲಿನ ಮೇಲೆ ಓಡಾಡೋದ್ರಿಂದ ಕಾಲ್ಬೆರಳ ಮಧ್ಯದ ಪೊರೆ ಕಮ್ಮಿ. 1950ರ ಹೊತ್ತಿಗೆ ಕಾಡಲ್ಲಿ ಸುಮಾರು 30 ಮಾತ್ರ ಉಳಿದಿದ್ವು, ಸಾಕಿ ಬಿಟ್ಟು ಬಿಟ್ಟು ಉಳಿಸ್ಕೊಂಡಿದಾರೆ. ಕಬ್ಬಿನ ಗದ್ದೆ ಇಲಿ ಹಿಡಿಯೋಕೆ ಅಂತ 1883ರಲ್ಲಿ ತಂದು ಬಿಟ್ಟ ಮುಂಗುಸಿ ಇವುಗಳ ಮೊಟ್ಟೆ ಮರಿ ತಿನ್ನುತ್ತೆ, ನಮ್ಮೂರ ಕಡೆಯ ಪ್ರಾಣಿ ಅಲ್ಲಿ ಇಷ್ಟು ಹಾನಿ ಮಾಡ್ತಿರೋದು ನೋಡಿ ಬೇಜಾರಾಯ್ತು. ನೇನೆಗೆ ಏನೂ ತಿನ್ಸಬೇಡಿ, ಅಭ್ಯಾಸ ಆದ್ರೆ ರಸ್ತೆಗೆ ಬಂದು ಗಾಡಿಗೆ ಸಿಕ್ಕಿ ಸಾಯ್ತವೆ. ಸ್ಪೀಡ್ ಕಮ್ಮಿ ಇರ್ಲಿ.

ದ್ವೀಪದ ಪೂರ್ವ ದಡದ ಹಿಲೋ ಊರಲ್ಲಿ ಉಳ್ಕೊಂಡ್ರೆ ಪಾರ್ಕ್‌ಗೆ ಮುಕ್ಕಾಲು ಗಂಟೆ ದಾರಿ, ಪಶ್ಚಿಮದ ಕೋನಾ ಕಡೆಯಿಂದ ಎರಡು ಗಂಟೆ ಮೇಲೇ. ಪಾರ್ಕ್ 24 ಗಂಟೆನೂ ಓಪನ್, ಎಂಟ್ರಿಗೆ ಕಾರ್ಡ್ ಬೇಕು, ಕ್ಯಾಶ್ ತಗೊಳಲ್ಲ. ಮೇಲೆ ಸುಮಾರು 1,200 ಮೀಟರ್ ಎತ್ತರ, ಬೀಚ್ ಬಟ್ಟೆಯಲ್ಲಿ ಹೋದ್ರೆ ನಡುಗ್ತೀರ, ಮಳೆ ಜಾಕೆಟ್ ಬೇಕೇ ಬೇಕು. ಗಂಧಕದ ಗ್ಯಾಸ್ ಇರುತ್ತೆ, ಅಸ್ತಮಾ, ಹಾರ್ಟ್ ಪ್ರಾಬ್ಲಮ್ ಇರೋರು, ಗರ್ಭಿಣಿಯರು, ಚಿಕ್ಕ ಮಕ್ಳು ಜೊತೆಗಿದ್ರೆ ಅವತ್ತಿನ ಗಾಳಿ ಹೇಗಿದೆ ಅಂತ ಪಾರ್ಕ್ ವೆಬ್‌ಸೈಟಲ್ಲಿ ನೋಡೇ ಹೊರಡಿ. ಚೈನ್ ಆಫ್ ಕ್ರೇಟರ್ಸ್ ರೋಡ್ ಸುಮಾರು 30 ಕಿಲೋಮೀಟರ್ ಇಳಿದು ಸಮುದ್ರದ ದಡ ಮುಟ್ಟುತ್ತೆ, ದಾರೀಲಿ ಪೆಟ್ರೋಲ್ ಬಂಕ್ ಇಲ್ಲ, ಟ್ಯಾಂಕ್ ನೋಡ್ಕೊಂಡು, ನೀರು ತುಂಬ್ಕೊಂಡು ಇಳೀರಿ.