ಕ್ಯಾಶುವಾಲ್ಟಿಯಲ್ಲಿ ಟೋಕನ್ ನಡೆಯುವುದಿಲ್ಲ

ಜಿಲ್ಲಾಸ್ಪತ್ರೆಯ ಕ್ಯಾಶುವಾಲ್ಟಿಯಲ್ಲಿ ದಿನಾ ಕೇಳಿಬರುವ ಜಗಳ ಒಂದೇ: ‘ಮೊದಲು ಬಂದವರು ನಾವು, ಅವರನ್ನು ಯಾಕೆ ಒಳಗೆ ಕರೆದ್ರಿ?’ ಒಪಿಡಿಯ ಸರದಿ ಇಲ್ಲಿಲ್ಲ. ಬಾಗಿಲಲ್ಲೇ ಉಸಿರು, ನಾಡಿ, ಬಿಪಿ, ಪ್ರಜ್ಞೆ ನೋಡಿ ಕೆಂಪು, ಹಳದಿ, ಹಸಿರು ಎಂದು ವಿಂಗಡಿಸುತ್ತಾರೆ. ಕೆಂಪಿನವರು ಕಾಯುವಂತಿಲ್ಲ. ಉಳುಕಿದ ಕಾಲು, ಹಳೇ ಬೆನ್ನುನೋವು ಹಸಿರು. ನಡುವೆ ಒಂದು ಆಂಬುಲೆನ್ಸ್ ಬಂದು ನಿಂತರೆ ಹಸಿರಿನವರು ಕಾಯುವ ಒಂದು ಗಂಟೆ ಮೂರಾಗುತ್ತದೆ. ಕೂತಲ್ಲೇ ಬೆವರು, ಏದುಸಿರು, ಮಂಪರು ಶುರುವಾದರೆ ಮಾತ್ರ ಎದ್ದುಹೋಗಿ ನರ್ಸಿಗೆ ಹೇಳಿ. ಬಣ್ಣ ಬದಲಾಗುತ್ತದೆ.

ನಿಜವಾದ ಕಾಯುವಿಕೆ ಶುರುವಾಗುವುದು ಡಾಕ್ಟರ್ ನೋಡಿದ ಮೇಲೆ. ಎದೆನೋವಿಗೆ ಬಂದ 10 ನಿಮಿಷದೊಳಗೆ ಇಸಿಜಿ ಆಗಬೇಕು. ಆಗಿಲ್ಲವೆಂದರೆ ಸಂಕೋಚ ಬಿಟ್ಟು ಕೇಳಿ. ಇಸಿಜಿ ಸರಿಯಿದೆ ಎಂದಾಕ್ಷಣ ಮನೆಗೆ ಕಳಿಸುವುದಿಲ್ಲ. ಹೃದಯದ ಸ್ನಾಯುವಿಗೆ ಪೆಟ್ಟಾದಾಗ ಹೊರಬರುವ ಟ್ರೋಪೋನಿನ್ ಎಂಬ ಪ್ರೋಟೀನ್ ರಕ್ತದಲ್ಲಿ ಕಾಣಿಸಿಕೊಳ್ಳಲು ಹೊತ್ತು ಹಿಡಿಯುವುದರಿಂದ ಕೆಲವು ಗಂಟೆ ಬಿಟ್ಟು ಇನ್ನೊಮ್ಮೆ ರಕ್ತ ತೆಗೆಯುತ್ತಾರೆ.

ಅತಿ ಹೆಚ್ಚು ತಪ್ಪು ತಿಳಿಯುವುದು ಹಾವು ಕಡಿತದಲ್ಲಿ. 2 ಎಂಎಲ್ ರಕ್ತವನ್ನು ಒಣಗಿದ ಗಾಜಿನ ಟ್ಯೂಬಿಗೆ ಹಾಕಿ 20 ನಿಮಿಷ ಅಲುಗಾಡಿಸದೆ ಇಟ್ಟು, ಆಮೇಲೆ ಒಂದು ಸಲ ವಾಲಿಸುತ್ತಾರೆ. ನೀರಿನಂತೆ ಹರಿದರೆ ಕೊಳಕುಮಂಡಲದಂಥ ಹಾವಿನ ವಿಷ ಏರಿದೆ, ಆ್ಯಂಟಿವೆನಮ್ ಬೇಕು. ಟ್ಯೂಬು ಪ್ಲಾಸ್ಟಿಕ್ಕಿನದಾದರೆ, ತೊಳೆದ ಸೋಪು ಉಳಿದಿದ್ದರೆ ಉತ್ತರ ತಪ್ಪಾಗುತ್ತದೆ. ಆ 20 ನಿಮಿಷ ‘ಏನೂ ಮಾಡ್ತಿಲ್ಲ’ ಎಂದು ರೋಗಿಯನ್ನು ಎತ್ತಿಕೊಂಡು ಹೋಗುವವರಿದ್ದಾರೆ! ನಾಗರ, ಕಟ್ಟುಹಾವುಗಳ ವಿಷ ಈ ಪರೀಕ್ಷೆಗೆ ಸಿಗದು. ಅಲ್ಲಿ ರೆಪ್ಪೆ ಜೋಲುತ್ತಿದೆಯೇ, ಮಾತು ತೊದಲುತ್ತಿದೆಯೇ ಎಂಬುದೇ ಸುಳಿವು. ಮೊದಲ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟಿದರೂ 24 ಗಂಟೆ ಇರಿಸಿಕೊಳ್ಳುತ್ತಾರೆ, ಪರೀಕ್ಷೆ ಮತ್ತೆ ಮಾಡುತ್ತಾರೆ.

ಎಲ್ಲಿಗೆ ಹೋಗಬೇಕೆಂಬುದೂ ಕಾಯಿಲೆ ನೋಡಿ. ಎದೆನೋವಿಗೆ ಹತ್ತಿರದ ತಾಲ್ಲೂಕು ಆಸ್ಪತ್ರೆ ಆದೀತು: ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇರುವ ಕಡೆ ಇಸಿಜಿ ಮಾಡಿ, ಬೇಕಾದರೆ ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ. ಪಾರ್ಶ್ವವಾಯು ಹೊಡೆದು ಬಾಯಿ ಸೊಟ್ಟಗಾಗಿ ಕೈ ಬಿದ್ದುಹೋದರೆ ಸಿಟಿ ಸ್ಕ್ಯಾನ್ ಇರುವಲ್ಲಿಗೇ ಹೋಗಿ. ಸ್ಕ್ಯಾನ್ ಆಗದೆ ಹೆಪ್ಪು ಕರಗಿಸುವ ಮದ್ದು ಕೊಡುವಂತಿಲ್ಲ, ಕೊಡಲು ಇರುವ ಅವಧಿ ನಾಲ್ಕೂವರೆ ಗಂಟೆ. ಅದರ ಲೆಕ್ಕ ರೋಗಿ ಕೊನೆಯದಾಗಿ ಸರಿಯಿದ್ದ ಹೊತ್ತಿನಿಂದ. ನಿದ್ದೆಯಲ್ಲೇ ಆಗಿದ್ದರೆ ಮಲಗಿದ ಸಮಯ ಹೇಳಿ.

ಅಪಘಾತ, ಹೊಡೆದಾಟ, ವಿಷದ ಕೇಸುಗಳಿಗೆ ಎಂಎಲ್‌ಸಿ, ಅಂದರೆ ಪೊಲೀಸರಿಗೆ ತಿಳಿಸಬೇಕಾದ ಕೇಸೆಂಬ ದಾಖಲೆ, ಬರೆಯುತ್ತಾರೆ. ಆದರೆ ಪೊಲೀಸರು ಬರಲೆಂದು ಚಿಕಿತ್ಸೆ ನಿಲ್ಲಿಸುವಂತಿಲ್ಲ. ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ.

ಹೊರಡುವಾಗ ನುಂಗುತ್ತಿರುವ ಮಾತ್ರೆಗಳ ಸ್ಟ್ರಿಪ್ಪನ್ನೇ ತನ್ನಿ. ‘ಬಿಪಿಗೆ ಬಿಳೀ ಮಾತ್ರೆ’ ಎಂದರೆ ಯಾರಿಗೂ ತಿಳಿಯದು. ಹಳೆಯ ಇಸಿಜಿ, ಆಧಾರ್, ರೇಷನ್ ಕಾರ್ಡ್ ಇರಲಿ. ವಿಷ ಕುಡಿದಿದ್ದರೆ ಅದರ ಡಬ್ಬಿ. ಇಬ್ಬರು ಬಂದರೆ ಸಾಕು: ಒಬ್ಬರು ಮಂಚದ ಪಕ್ಕ, ಇನ್ನೊಬ್ಬರು ಚೀಟಿ, ಲ್ಯಾಬು, ಫಾರ್ಮಸಿ ಓಡಾಟಕ್ಕೆ. ಹನ್ನೊಂದು ಜನ ಬಂದರೆ ಹೊಣೆ ಯಾರದೂ ಅಲ್ಲ.

ಪಾಳಿ ಬದಲಾಗುವಾಗ ಕೆಲಸ ಸ್ವಲ್ಪ ಹೊತ್ತು ನಿಧಾನವಾಗುತ್ತದೆ; ಬರೆದಿಟ್ಟ ಮುಂದಿನ ಪರೀಕ್ಷೆ ಜಾರಿಹೋಗುವುದೂ ಆಗಲೇ. ಎಷ್ಟು ಗಂಟೆಗೆ ಮತ್ತೆ ರಕ್ತ ತೆಗೆಯಬೇಕೆಂದು ಮೊದಲೇ ಕೇಳಿ ಗುರುತು ಹಾಕಿಕೊಂಡು, ಹೊಸ ಪಾಳಿಯ ನರ್ಸಿಗೆ ನೀವೇ ಹೇಳಿ.